ಶುಭಂ ಬರೋವರೆಗೂ ಏಳದ ಕೆಂಪಾಜಮ್ಮ

ಮಿರ್ಲೆಯ ಕೆಂಪಾಜಮ್ಮನಿಗೆ ನಲವತ್ತೇಳು ವರ್ಷ ತುಂಬುವ ತನಕ ಒಂದೇ ಒಂದು ಸಿನಿಮಾದ ಕೊನೆಯೂ ಗೊತ್ತಿರಲಿಲ್ಲ. ನಾಟಕದ್ದೂ ಅಷ್ಟೇ. ನೋಡಿರಲಿಲ್ಲವೆಂದಲ್ಲ, ನೋಡಿದ್ದು ಬೇಕಾದಷ್ಟಿತ್ತು. ಆದರೆ ಪ್ರತಿ ಸಲವೂ ಮುಗಿಯಲು ಹತ್ತು ನಿಮಿಷ ಇದೆ ಎನ್ನುವಾಗ ಯಾರಾದರೊಬ್ಬರು ಅವಳ ರೆಟ್ಟೆ ಹಿಡಿದು ಎಬ್ಬಿಸಿಕೊಂಡು ಹೋಗುತ್ತಿದ್ದರು. ಹುಡುಗಿಯಾಗಿದ್ದಾಗ ಅಪ್ಪ, ಕಡೇ ಬಸ್ಸು ತಪ್ಪುತ್ತದೆಂದು. ಮದುವೆಯಾದ ಮೇಲೆ ಗಂಡ ಚಲುವರಾಜು, ಸೈಕಲ್ಲಿಗಾಗಿ.

ಸೈಕಲ್ಲಿನ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಕೆ.ಆರ್. ನಗರದಲ್ಲಿ ಸಿನಿಮಾ ಬಿಟ್ಟ ಕೂಡಲೇ ಜನವೆಲ್ಲ ಒಟ್ಟಿಗೆ ಸೈಕಲ್ ಸ್ಟ್ಯಾಂಡಿಗೆ ನುಗ್ಗುತ್ತಿತ್ತು. ಒಬ್ಬ ಒಂದು ಸೈಕಲ್ ಎಳೆದರೆ ಇಪ್ಪತ್ತು ಮಗುಚಿಕೊಳ್ಳುತ್ತಿದ್ದವು. ಮದುವೆಯಾದ ವರ್ಷ ಚಲುವರಾಜುವಿನ ಹೊಸ ಸೈಕಲ್ಲು ಹೀಗೇ ಬಿದ್ದು ಬೆಲ್ಲಿನ ಬಟ್ಟಲು ಕಳೆದುಹೋಯಿತು. ಅಂದಿನಿಂದ ಅವನು ಪಾಠ ಕಲಿತ. ಖಳನಾಯಕ ನಾಯಕನ ತಾಯಿಯನ್ನು ಕಂಬಕ್ಕೆ ಕಟ್ಟಿದ ಎಂದರೆ ಸಾಕು, ಚಲುವರಾಜು ಪಂಚೆ ಎತ್ತಿಕಟ್ಟಿ ನಿಂತುಬಿಡುತ್ತಿದ್ದ.

"ಏಳಮ್ಮಿ, ಇನ್ನೇನಿದ್ರೂ ಬರೀ ವಡೆದಾಟ. ಜನ ಏಳೋಕ್ ಮುಂಚೆ ವೊಂಟೋಗುವ."

ಹೀಗೆ ಇಪ್ಪತ್ತೆಂಟು ವರ್ಷ. ಹಿಂದಿನ ಕ್ಯಾರಿಯರ್ ಮೇಲೆ ಕೂತು, ಗಂಡನ ಬೆನ್ನನ್ನೇ ಪರದೆ ಮಾಡಿಕೊಂಡು, ಕೆಂಪಾಜಮ್ಮ ಮಿರ್ಲೆ ಬರುವಷ್ಟರಲ್ಲಿ ಉಳಿದ ಕಥೆಯನ್ನು ತಾನೇ ಮುಗಿಸಿಕೊಳ್ಳುತ್ತಿದ್ದಳು. ಏರಿನಲ್ಲಿ ಇಳಿದು ನಡೆಯುವಾಗ ನಾಯಕಿಯ ಕಷ್ಟ, ಇಳಿಜಾರಿನಲ್ಲಿ ಖಳನಾಯಕನ ಸಾವು.

ಅಷ್ಟಕ್ಕೇ ಬಿಟ್ಟಿದ್ದರೆ ತೊಂದರೆ ಇರಲಿಲ್ಲ. ಆದರೆ ಅವಳು ಹೊಗೆಸೊಪ್ಪಿನ ಶೆಡ್ಡಿಗೆ ಕೂಲಿಗೆ ಹೋಗುತ್ತಿದ್ದಳು. ಬಿಸಿಗಾಳಿಯಲ್ಲಿ ಬೇಯಿಸಿದ ಎಲೆಗಳನ್ನು ಬಣ್ಣ ನೋಡಿ ಬೇರೆ ಮಾಡುವ ಕೆಲಸ. ಕೈಗೆ ಕೆಲಸವಿದ್ದರೂ ಬಾಯಿಗೆ ಇರಲಿಲ್ಲ. ಹದಿನೈದು ಹೆಂಗಸರು ಸುತ್ತ ಕೂತು "ಕೆಂಪಾಜಕ್ಕ, ಕತೆ ಯೋಳು" ಎನ್ನುತ್ತಿದ್ದರು. ಅವಳು ಹಾಡು ಸಮೇತ ಹೇಳುತ್ತಿದ್ದಳು. ಕೊನೆಯನ್ನೂ ಹೇಳುತ್ತಿದ್ದಳು. ಆ ಕೊನೆ ಯಾರದ್ದೆಂದು ಯಾರೂ ಕೇಳಿರಲಿಲ್ಲ.

ತೊಂಬತ್ತೆಂಟರ ಜನವರಿಯಲ್ಲಿ ಕೇಳುವವಳು ಬಂದಳು. ಪಕ್ಕದ ಮನೆಯ ಮರಮ್ಮ. ಉಪ್ಪಿನಕಾಯಿ ಕೊಟ್ಟರೆ ಹೋಳು ಎಣಿಸಿ ತೆಗೆದುಕೊಳ್ಳುವ ಹೆಂಗಸು. ಕೆಂಪಾಜಮ್ಮ ಅಂದು ಹೇಳುತ್ತಿದ್ದ ಸಿನಿಮಾವನ್ನು ಮರಮ್ಮ ಹುಣಸೂರಿನ ತಂಗಿಯ ಮನೆಗೆ ಹೋದಾಗ ಪೂರ್ತಿ ನೋಡಿಬಂದಿದ್ದಳು. ಕೆಂಪಾಜಮ್ಮನ ಕಥೆಯಲ್ಲಿ ಖಳನಾಯಕ ಕಾಲು ಜಾರಿ ಕುದಿಯುವ ಬೆಲ್ಲದ ಕೊಪ್ಪರಿಗೆಗೆ ಬಿದ್ದ. ನಾಯಕನ ಕುರುಡಿ ತಾಯಿಗೆ ಕಣ್ಣು ಬಂತು. ಮನೆಯ ಎಮ್ಮೆ ಕೋರ್ಟಿಗೆ ಬಂದು, ಸಾಲಾಗಿ ನಿಂತ ಹತ್ತು ಜನರಲ್ಲಿ ಕಳ್ಳ ಯಾರೆಂದು ಮೂಸಿ ತೋರಿಸಿತು.

ಮರಮ್ಮ ಎಲೆ ಕೆಳಗಿಟ್ಟಳು. "ಯಾವ ಎಮ್ಮೆ?"

"ಅವ್ರ ಮನೆ ಎಮ್ಮೆ ಕಣಮ್ಮಿ."

"ಎಮ್ಮೆನೂ ಇಲ್ಲ, ಕೊಪ್ಪರಿಗೆನೂ ಇಲ್ಲ. ಪೊಲೀಸ್ನೋರು ಬಂದು ಇಡ್ಕಂಡೋದ್ರು. ಅಷ್ಟೆಯ. ನೀನು ಎದ್ದೋಗಿದ್ದೆ ಅಂತ ಕಾಣ್ತದೆ."

ಮೂಲೆಯಲ್ಲಿದ್ದ ಚಿಕ್ಕಸಿದ್ದಮ್ಮ ಎಂಬ ಮುದುಕಿ ಬಹಳ ನೊಂದ ಧ್ವನಿಯಲ್ಲಿ ಕೇಳಿದಳು: "ಅಂಗಾರೆ ಓದ್ ವರ್ಸ ಆ ಅವಳಿಜವಳಿ ಮಕ್ಕಳು ಸಂತೇಲಿ ಸಿಕ್ಕಿದ್ದೂ ಸುಳ್ಳಾ? ನಾನು ಅದಕ್ಕೆ ಎರಡ್ ದಿನ ಅತ್ತಿದ್ನಲ್ಲವ್ವ."

ಕೆಂಪಾಜಮ್ಮ ಕೈಯಲ್ಲಿದ್ದ ಎಲೆಯನ್ನು ತಪ್ಪು ಬಣ್ಣದ ಗುಡ್ಡೆಗೆ ಹಾಕಿದಳು. ಆ ಮಕ್ಕಳು ಸಿಕ್ಕರೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಅವತ್ತು ಸಂಜೆ ಮನೆಗೆ ಬಂದು ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಊರಲ್ಲಿ ಯಾರಿಗೂ ಒಂದು ಸುಳ್ಳು ಹೇಳದೆ ಬದುಕಿದ್ದೇನೆ ಎಂದುಕೊಂಡಿದ್ದವಳಿಗೆ, ವರ್ಷಾನುಗಟ್ಟಲೆ ಹದಿನೈದು ಜನಕ್ಕೆ ದಿನವೂ ಸುಳ್ಳು ಬಡಿಸಿದ್ದು ಈಗ ಲೆಕ್ಕಕ್ಕೆ ಬಂತು.

ಯುಗಾದಿಯ ದಿನ ಬೇವುಬೆಲ್ಲ ಬಾಯಿಗೆ ಹಾಕಿಕೊಂಡು ಗಂಡನಿಗೆ ಹೇಳಿದಳು. "ಇವತ್ತಿಂದ ಬರೋ ಯುಗಾದಿಗಂಟ ವಾರಕ್ಕೊಂದು. ಸಿನಿಮಾನೋ ನಾಟಕನೋ, ಆಡು ಪದ ಇರ್ಬೇಕು. ಹೆಸ್ರು ಬಿಡೋದ್ರಿಂದ ಶುಭಂ ಬರೋಗಂಟ ಏಳಾದಿಲ್ಲ."

ಚಲುವರಾಜು ಬೆಲ್ಲ ನುಂಗಿದ. "ಸೈಕಲ್ಲು?"

"ಸೈಕಲ್ಲ ನೀವು ನೋಡ್ಕಳಿ. ಸಿನಿಮಾನ ನಾನು ನೋಡ್ಕತೀನಿ."

ಸಾಕ್ಷಿಗೆ ಮರಮ್ಮನೇ ಬೇಕೆಂದಳು. ಬೇಡವೆಂದಿದ್ದರೂ ಮರಮ್ಮ ತಾನಾಗಿಯೇ ಬರುತ್ತಿದ್ದಳು. ಸಿನಿಮಾ ಆದರೆ ಹರಿದ ಟಿಕೆಟನ್ನು ಗಂಜಿಯಲ್ಲಿ ಬಾಗಿಲ ಹಿಂದೆ ಅಂಟಿಸಬೇಕು, ನಾಟಕವಾದರೆ ಪಾತ್ರಧಾರಿಯೊಬ್ಬನ ಕೈಯಲ್ಲಿ ಬರೆಸಿಕೊಂಡು ಬರಬೇಕು, ಕೊನೆಯನ್ನು ಮರಮ್ಮನ ಮುಂದೆ ತಡವರಿಸದೆ ಹೇಳಬೇಕು. ಹೀಗೆ ತೀರ್ಮಾನವಾಯಿತು.

ಮೊದಲ ವಾರ ಕೆ.ಆರ್. ನಗರದ ಮ್ಯಾಟಿನಿ. ತಾಯಿಯನ್ನು ಕಂಬಕ್ಕೆ ಕಟ್ಟಿದ ಕೂಡಲೇ ಚಲುವರಾಜು ಎದ್ದ. ಕೆಂಪಾಜಮ್ಮ ಕುರ್ಚಿಯ ಎರಡೂ ಕೈ ಹಿಡಿದುಕೊಂಡಳು, ಬಿರುಗಾಳಿಗೆ ಸಿಕ್ಕಿದ ದೋಣಿಯಲ್ಲಿ ಕೂತವಳ ಹಾಗೆ. ಅವನು ಒಬ್ಬನೇ ಹೋದ. ತೆರೆಯ ಮೇಲೆ ಹೊಡೆದಾಟವಾಯಿತು, ಪೊಲೀಸರು ಬಂದರು, ಎಲ್ಲರೂ ಫೋಟೋಕ್ಕೆ ನಿಂತವರಂತೆ ಸಾಲಾಗಿ ನಿಂತು ಕಾರಣವಿಲ್ಲದೆ ನಕ್ಕರು. ಶುಭಂ.

ಅವಳು ಇನ್ನೂ ಏನೋ ಇದೆಯೆಂದು ಕೂತೇ ಇದ್ದಳು. ಗುಡಿಸುವವನು ಬಂದು ಕಾಲೆತ್ತಲು ಹೇಳಿದಾಗ "ಇಷ್ಟೇಯಾ?" ಎಂದಳು.

"ಇಷ್ಟೇ ಕಣವ್ವ. ದಿನಾ ಇಷ್ಟೆಯ," ಎಂದ ಅವನು.

ಹೊರಗೆ ಸೈಕಲ್ ಹಿಡಿದು ನಿಂತಿದ್ದ ಚಲುವರಾಜು ಅಕ್ಕಪಕ್ಕ ನೋಡಿ, ಬಹಳ ಸಣ್ಣ ದನಿಯಲ್ಲಿ, "ಏನಾಯ್ತು ಕೊನೆಗೆ?" ಎಂದು ಕೇಳಿದ. ಒಳಗೆ ಕೂತಿದ್ದರೆ ಗೊತ್ತಾಗುತ್ತಿತ್ತು ಎಂದು ಅವಳು ಕ್ಯಾರಿಯರ್ ಹತ್ತಿದಳು.

ಮೊದಲ ಎರಡು ತಿಂಗಳಲ್ಲಿ ಅವಳಿಗೆ ಗೊತ್ತಾದದ್ದೆಂದರೆ ಪೊಲೀಸರು ಎಲ್ಲ ಸಿನಿಮಾದಲ್ಲೂ ತಡವಾಗಿಯೇ ಬರುತ್ತಾರೆ. ಎಮ್ಮೆ ಒಂದರಲ್ಲೂ ಬರುವುದಿಲ್ಲ. ಒಂದು ವಾರ ನಾಯಕ ಸತ್ತದ್ದಕ್ಕೆ ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಸುತ್ತ ಎಲ್ಲರೂ ಅಳುತ್ತಿರುವಾಗ "ಅಬ್ಬ, ಬೇರೆ ಥರ ಬಂತು" ಎಂದು ಜೋರಾಗಿ ಹೇಳಿ ಬೈಸಿಕೊಂಡಳು. ಕೆ.ಆರ್. ನಗರದಲ್ಲಿ ಒಂದೇ ಸಿನಿಮಾ ಮೂರು ವಾರ ನಿಂತಾಗ ಸಾಲಿಗ್ರಾಮದ ಟೆಂಟಿಗೆ ಹೋದಳು, ಹುಣಸೂರಿಗೆ ಹೋದಳು. ಅಲ್ಲೂ ಸಿಗದಿದ್ದಾಗ ನಾಟಕ ಹುಡುಕಿಕೊಂಡು ಹೋದಳು.

ನಾಟಕವೆಂದರೆ ಆ ಸೀಮೆಗೆ ಆಗ ಅಂಕಯ್ಯ ಮಾಸ್ತರು. ಹಾರ್ಮೋನಿಯಂ ಹೊತ್ತು ಊರೂರು ಸುತ್ತಿ, ರೈತರಿಗೆ ಹಾಡು ಕಲಿಸಿ, ಮೂರು ತಿಂಗಳಿಗೊಂದು ಊರಿನಲ್ಲಿ ನಾಟಕ ಆಡಿಸುತ್ತಿದ್ದರು. ಎಲ್ಲ ಊರಲ್ಲೂ ಒಂದೇ ನಾಟಕ, 'ಗಿರಿಕೇತು ವಿಜಯ'. ಗಿರಿಕೇತು ಮಹಾರಾಜ ಧೂಮಜಿಹ್ವನೆಂಬ ರಾಕ್ಷಸನನ್ನು ಕೊನೆಗೆ ಗದೆಯಿಂದ ಕೊಲ್ಲುವ ಕಥೆ. ಅಂಕಯ್ಯನವರೇ ಕಟ್ಟಿದ್ದು. ಅದರಲ್ಲಿ ತೊಂಬತ್ತು ಹಾಡುಗಳಿದ್ದವು, ಮತ್ತು ಮಾಸ್ತರಿಗೆ ಒಂದನ್ನೂ ಬಿಡಲು ಮನಸ್ಸಿರಲಿಲ್ಲ.

ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯೊಂದರಲ್ಲಿ ಅವಳು ಅದನ್ನು ಮೊದಲ ಸಲ ನೋಡಿದಳು. ಅಲ್ಲಿ ರಾಕ್ಷಸನಾಗಿದ್ದವನು ಹಾಲಿನ ಡೈರಿಯ ಕಾರ್ಯದರ್ಶಿ ಪುಟ್ಟಮಲ್ಲಪ್ಪ. ನೀರು ಕಾಯಿಸುವ ದೊಡ್ಡ ಕೊಳದಪ್ಪಲೆಯಂತೆ ಮೊಳಗುವ ದನಿ. ಅವನು ಹಾಡಿದರೆ ಜನ "ವನ್ಸ್ ಮೋರ್" ಎನ್ನುತ್ತಿದ್ದರು. ಎನ್ನದಿದ್ದರೆ ಅವನೇ ನಿಂತು ಕಾಯುತ್ತಿದ್ದ. ಹೀಗಾಗಿ ಸೂರ್ಯ ಹುಟ್ಟಿದಾಗ ರಾಕ್ಷಸನಿಗೆ ಇನ್ನೂ ಯುದ್ಧವೇ ಸಿಕ್ಕಿರಲಿಲ್ಲ. ಆರೂವರೆಗೆ ಡೈರಿಯ ಮುಂದೆ ಕ್ಯಾನುಗಳ ಸದ್ದು ಕೇಳಿತು. ಪುಟ್ಟಮಲ್ಲಪ್ಪ ಅರ್ಧ ಪದ್ಯದಲ್ಲಿ ನಿಲ್ಲಿಸಿ, "ಹಾಲು ವಡೆದೋಯ್ತದೆ, ಬಂದೆ" ಎಂದು ಕೋರೆಹಲ್ಲು ಸಮೇತ ಹೊರಟುಹೋದ. ಎದುರಾಳಿಯಿಲ್ಲದ ರಾಜ ಸ್ವಲ್ಪ ಹೊತ್ತು ಗದೆ ತಿರುಗಿಸಿ ಅವನೂ ಇಳಿದ. ಅಂಕಯ್ಯನವರು ಮಂಗಳ ಹಾಡಿ ಹಾರ್ಮೋನಿಯಂ ಮುಚ್ಚಿದರು. ಜನ ಚಾಪೆ ಸುತ್ತಿಕೊಂಡು ಎದ್ದರು.

ಕೆಂಪಾಜಮ್ಮ ಏಳಲಿಲ್ಲ. "ರಾಕ್ಷಸ ಸಾಯಲಿಲ್ವಲ್ಲ ಮೇಷ್ಟ್ರೇ," ಎಂದಳು.

"ಸತ್ತ ಅಂತ ತಿಳ್ಕಳಿ ತಾಯಿ. ಎಲ್ರಿಗೂ ಗೊತ್ತಿರೋದೇ ತಾನೆ."

"ತಿಳ್ಕಳದು ಬುಟ್ಟು ಮೂರ್ ತಿಂಗ್ಳಾಯ್ತು ಕಣ್ರೀ. ನಾನು ನೋಡ್ಬೇಕು."

ಎದ್ದು ಡೈರಿಗೆ ನಡೆದಳು. ಹಿಂದೆ ಹಾರ್ಮೋನಿಯಂ ಹೊತ್ತ ಮಾಸ್ತರು, ಅವರ ಹಿಂದೆ ಅರ್ಧ ಊರು. ಡೈರಿಯಲ್ಲಿ ಧೂಮಜಿಹ್ವ ಕೆಂಪು ಕೂದಲಿನ ಟೋಪನ್ನು ಹಿಂದಕ್ಕೆ ತಳ್ಳಿಕೊಂಡು ಹಾಲಿಗೆ ಗಟ್ಟಿತನ ಅಳೆಯುವ ಲ್ಯಾಕ್ಟೋಮೀಟರ್ ಬಿಡುತ್ತಿದ್ದ. ಸಾಲಿನಲ್ಲಿ ಆರನೆಯವನಾಗಿ ಗಿರಿಕೇತು ಮಹಾರಾಜ ನಿಂತಿದ್ದ, ಕಿರೀಟ ಕಂಕುಳಲ್ಲಿ, ಕೈಯಲ್ಲಿ ಮೂರು ಲೀಟರಿನ ಕ್ಯಾನು.

"ಅಣ್ಣಾ, ನಿಮ್ಮಿಬ್ರದ್ದೂ ಒಂದು ಕೆಲ್ಸ ಬಾಕಿ ಅದೆ," ಎಂದಳು ಕೆಂಪಾಜಮ್ಮ.

ಪುಟ್ಟಮಲ್ಲಪ್ಪ ಮೊದಲು ರೇಗಿದ. ಆದರೆ ಒಬ್ಬ ಹೆಂಗಸು ತನ್ನ ಸಾವನ್ನು ನೋಡಲಿಕ್ಕೆಂದೇ ಮಿರ್ಲೆಯಿಂದ ಬಂದಿದ್ದಾಳೆ ಎಂದು ತಿಳಿದ ಮೇಲೆ ಅವನ ಮುಖ ಅರಳಿತು. ಹಾಲಿನ ಸಾಲು ಎರಡಾಗಿ ಸರಿದು ಜಾಗ ಕೊಟ್ಟಿತು. ಮಾಸ್ತರು ಹಿಂಡಿ ಮೂಟೆಯ ಮೇಲೆ ಹಾರ್ಮೋನಿಯಂ ಇಟ್ಟು ಶ್ರುತಿ ಹಿಡಿದರು. ಗದೆ ರಂಗದ ಮೇಲೇ ಉಳಿದಿದ್ದರಿಂದ ರಾಜ ಹಾಲಿನ ಅಳತೆಯ ಸೌಟಿನಿಂದ ಹೊಡೆದ. ರಾಕ್ಷಸ ಎದೆ ಹಿಡಿದು, ಮೂರು ಸುತ್ತು ತಿರುಗಿ, ತಾಯಿಯನ್ನು, ತಮ್ಮನನ್ನು, ಏಳು ಕುದುರೆಗಳನ್ನು ಒಂದೊಂದಾಗಿ ನೆನೆದು ಹಾಡಿ ಗೋಣಿಚೀಲದ ಮೇಲೆ ಬಿದ್ದ. ಯಾರೋ ವನ್ಸ್ ಮೋರ್ ಎಂದರು. ಅವನು ಕಣ್ಣು ಬಿಟ್ಟ. ಕೆಂಪಾಜಮ್ಮ ಬೆರಳೆತ್ತಿ "ಬ್ಯಾಡ, ಅಂಗೇ ಇರಿ" ಎಂದಳು. ಅವನು ಮತ್ತೆ ಕಣ್ಣು ಮುಚ್ಚಿದ. ಆಮೇಲೆ ಎದ್ದು ಧೂಳು ಕೊಡವಿಕೊಂಡು, ರಾಜನ ಹಾಲಿಗೆ ನೀರು ಬೆರೆತಿದೆ ಎಂದು ಹೇಳಿ ವಾಪಸು ಕಳಿಸಿದ. ಅವಳ ಚೀಟಿಯ ಮೇಲೆ 'ಈಕೆಯ ಸಮಕ್ಷಮ ಸತ್ತಿರುತ್ತೇನೆ' ಎಂದು ಬರೆದು, ಡೈರಿಯ ಸೀಲು ಒತ್ತಿ ಕೊಟ್ಟ.

ಆ ಚೀಟಿಯನ್ನು ಮರಮ್ಮ ಮೂರು ಸಲ ಓದಿಸಿಕೊಂಡು ಒಪ್ಪಿದಳು.

ಮಳೆಗಾಲದಲ್ಲಿ ಇನ್ನೊಂದು ಪೇಚು ಬಂತು. ಮಗಳು ರಾಧಾಳನ್ನು ಸರಗೂರಿಗೆ ಕೊಟ್ಟಿತ್ತು. ಅವಳನ್ನು ನೋಡಲು ಗಂಡಹೆಂಡಿರು ಹೋದಾಗ ಆ ವಾರದ ಸಿನಿಮಾವನ್ನು ಅಲ್ಲಿಯ ಟೆಂಟಿನಲ್ಲೇ ನೋಡಿದರು. ಸರಗೂರಿನ ಟೆಂಟಿಗೂ ಎಚ್.ಡಿ. ಕೋಟೆಯ ಟೆಂಟಿಗೂ ಸೇರಿ ಒಂದೇ ಪ್ರಿಂಟು. ಕೋಟೆಯಲ್ಲಿ ಓಡಿಸಿದ ರೀಲನ್ನು ಒಬ್ಬ ಆಳು ಬಸ್ಸಿನಲ್ಲಿ ತಂದು ಕೊಡುತ್ತಿದ್ದ. ಅವತ್ತು ಕೊನೆಯ ರೀಲಿನ ಹೊತ್ತಿಗೆ ಬಸ್ಸು ಬರಲಿಲ್ಲ. ಆಪರೇಟರ್ ಸ್ವಲ್ಪ ಕಾದು, ಕೈಗೆ ಸಿಕ್ಕಿದ ಬೇರೆ ಸಿನಿಮಾದ ಕೊನೆಯ ರೀಲನ್ನು ಹಾಕಿಬಿಟ್ಟ. ಅಲ್ಲಿಯತನಕ ಹಳ್ಳಿಯಲ್ಲಿ ನೇಗಿಲು ಹಿಡಿದಿದ್ದ ನಾಯಕನ ಬದಲು ಯಾರೋ ಸೂಟು ಹಾಕಿದವನು ವಿಮಾನದಿಂದ ಇಳಿದು, ಯಾರನ್ನೋ ತಬ್ಬಿಕೊಂಡ. ಶುಭಂ. ಜನ ಚಪ್ಪಾಳೆ ತಟ್ಟಿ ಎದ್ದುಹೋದರು.

"ಶುಭಂ ಬಂತಲ್ಲ, ನಡಿ," ಎಂದ ಚಲುವರಾಜು.

"ಅದು ಬೇರೆಯೋರ ಶುಭಂ," ಎಂದಳು.

ಮಾರನೇ ಬೆಳಿಗ್ಗೆ ಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ಅವಳು ಆ ರೀಲಿನ ಆಳನ್ನು ಹಿಡಿದಳು. ಮಾದೇವ ಎಂದು ಅವನ ಹೆಸರು. ಕೊನೆಯ ರೀಲಿದ್ದ ತಗಡಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಇಡ್ಲಿ ತಿನ್ನುತ್ತಿದ್ದ. ಅವಳು ತನ್ನ ವ್ರತವನ್ನೆಲ್ಲ ಹೇಳಿದಳು. ಅವನು ಯೋಚಿಸಿ, ಕೈ ಒರೆಸಿಕೊಂಡು ಡಬ್ಬಿ ಬಿಚ್ಚಿದ. "ಮಿಶಿನ್ನು ಇಲ್ಲ ಕಣಕ್ಕ. ಬಿಸ್ಲಿಗೆ ಇಡ್ಕಂಡು ನೋಡು. ಆಡು ಬೇಕಾರೆ ನಾನು ಯೋಳ್ತೀನಿ, ಇಪ್ಪತ್ತು ದಿನದಿಂದ ಕೇಳಿ ಬಾಯಿಗೆ ಬಂದದೆ."

ಮೋಡದ ಸಂದಿಯಲ್ಲಿ ಬಿಸಿಲು ಬಂದಾಗಲೆಲ್ಲ ಕೆಂಪಾಜಮ್ಮ ಫಿಲ್ಮನ್ನು ಮೊಳದಷ್ಟು ಎತ್ತಿ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದಳು. ಮಾದೇವ ಹಾಡಿದ. ಚಲುವರಾಜು ನೂಲಿನ ಲಡಿ ಹಿಡಿದವನಂತೆ ಎರಡೂ ಕೈ ಚಾಚಿ ನೋಡಿಯಾದ ಭಾಗವನ್ನು ಸುತ್ತಿಕೊಳ್ಳುತ್ತಿದ್ದ. ಮೊದಲು ಮುಖ ಆ ಕಡೆ ತಿರುಗಿಸಿದ್ದ. ನಾಲ್ಕನೇ ಮೊಳಕ್ಕೆ ಇಣುಕಿದ. ಆರನೆಯದಕ್ಕೆ, "ಇರಮ್ಮಿ, ಅಂಗೆ ಎಳೀಬ್ಯಾಡ. ಆ ಮೀಸೆಯೋನ್ ಕೈಲಿ ಏನದೆ?" ಎಂದ. ಮೈಸೂರಿಗೆ ಹೋಗುವ ಬಸ್ಸು ಬಂತು, ಹೋಯಿತು. ಅವರು ಹೋಗಬೇಕಿದ್ದ ಬಸ್ಸು ಅದೇ.

"ಚೂರಿ," ಎಂದಳು ಕೆಂಪಾಜಮ್ಮ.

"ಚೂರಿ ಅಲ್ಲ, ಕಾಗ್ದ. ಆಸ್ತಿ ಕಾಗ್ದ. ಇನ್ನೊಂದು ಮೊಳ ಬುಡು."

ಅದು ಬಾಚಣಿಗೆ ಎಂದು ಕೊನೆಗೆ ಮಾದೇವ ಹೇಳಿದ. ಆ ಬಾಚಣಿಗೆ ಏಕೆ ಎಂಬ ಚರ್ಚೆ ಗಂಡಹೆಂಡಿರ ನಡುವೆ ಮಿರ್ಲೆಯತನಕ ನಡೆಯಿತು. ಮರುವಾರದಿಂದ ಚಲುವರಾಜು ಸೈಕಲ್ಲನ್ನು ಸ್ಟ್ಯಾಂಡಿನಲ್ಲಿ ಬಿಡದೆ, ಪರಿಚಯದ ಸಿಹಿತಿಂಡಿ ಅಂಗಡಿಯ ಪಕ್ಕ ನಿಲ್ಲಿಸಿ, ಬೀಗ ಹಾಕಿ, ಒಳಗೆ ಬಂದು ಕೂತ. ಇಪ್ಪತ್ತೆಂಟು ವರ್ಷ ಇದು ಏಕೆ ಹೊಳೆಯಲಿಲ್ಲ ಎಂದು ಅವಳು ಕೇಳಲಿಲ್ಲ. ಕೇಳಬೇಕೆಂದು ಬಹಳ ಆಸೆಯಿತ್ತು.

ಸೆಪ್ಟೆಂಬರಿನಲ್ಲಿ ಹೊಗೆಸೊಪ್ಪಿನ ಶೆಡ್ಡು ಮತ್ತೆ ತೆರೆಯಿತು. ಕೆಂಪಾಜಮ್ಮ ಈಗ ಕಥೆಗಳನ್ನು ಇದ್ದದ್ದು ಇದ್ದಂತೆ ಹೇಳಿದಳು. ಪೊಲೀಸರು ಬಂದರು, ಎಲ್ಲರೂ ನಕ್ಕರು, ಶುಭಂ. ನಾಲ್ಕು ದಿನ ಹೆಂಗಸರು ಸುಮ್ಮನೆ ಕೇಳಿದರು. ಐದನೇ ದಿನ ಚಿಕ್ಕಸಿದ್ದಮ್ಮ, "ಲೇ ಕೆಂಪಾಜಿ, ನೀನು ನೋಡಕ್ ಸುರು ಮಾಡ್ದಾಗಿಂದ ಸಿನಿಮಾ ಎಲ್ಲ ಕೆಟ್ಟೋದ್ವು ಕಣೆ" ಎಂದಳು. ಮಿಕ್ಕವರೂ ಹೌದೆಂದರು. ಮಾತು ಬೆಳೆದು, ಕೊನೆಗೆ ಮರಮ್ಮನೇ ತೀರ್ಪು ಕೊಟ್ಟಳು: ಮೊದಲು ನಿಜವಾದ ಕೊನೆಯನ್ನು ಹೇಳಿಬಿಡಬೇಕು, ಆಮೇಲೆ 'ಇದು ನನ್ನದು' ಎಂದು ಹೇಳಿ ಇನ್ನೊಂದನ್ನು ಹೇಳಬಹುದು. ಇದರಲ್ಲಿ ಸುಳ್ಳೇನೂ ಇಲ್ಲ. ಅಂದು ಎರಡನೆಯ ಕೊನೆಯಲ್ಲಿ ಖಳನಾಯಕನನ್ನು ಜೇನುಹುಳುಗಳು ಠಾಣೆಯತನಕ ಅಟ್ಟಿಕೊಂಡು ಹೋದವು. ಮರಮ್ಮ ಎಲೆ ಕೆಳಗಿಟ್ಟು ಕಿವಿಗೊಟ್ಟು ಕೇಳಿದಳು.

ಯುಗಾದಿಗೆ ಎರಡು ದಿನವಿರುವಾಗ ಬಾಗಿಲ ಹಿಂದೆ ಐವತ್ತೊಂದು ಚೀಟಿಗಳಾಗಿದ್ದವು. ಐವತ್ತೆರಡನೆಯದು ಊರಲ್ಲೇ ಇತ್ತು. ಮಿರ್ಲೆಯವರೇ 'ಗಿರಿಕೇತು ವಿಜಯ' ಆಡುತ್ತಿದ್ದರು. ರಾತ್ರಿ ಕರೆಂಟು ಇರುವುದಿಲ್ಲವೆಂದು ಹಗಲು ನಾಟಕ, ಬೆಳಿಗ್ಗೆ ಒಂಬತ್ತಕ್ಕೆ ಶುರು. ರಾಕ್ಷಸನಿಗೆ ಬೇರೆ ಯಾರೂ ಸರಿಯಾಗದೆ ಮಾಸ್ತರು ಪಿರಿಯಾಪಟ್ಟಣದ ಕಡೆಯಿಂದ ಪುಟ್ಟಮಲ್ಲಪ್ಪನನ್ನೇ ಕರೆಸಿದ್ದರು. ರಾಣಿಯ ಪಾತ್ರಕ್ಕೆ ಬರಬೇಕಿದ್ದ ನಟಿ ಮಾತ್ರ ಬರಲಿಲ್ಲ. ಎಂಟೂವರೆಗೆ ಅಂಕಯ್ಯ ಮಾಸ್ತರು ಕೆಂಪಾಜಮ್ಮನ ಜಗುಲಿಗೆ ಬಂದು ಕೈಮುಗಿದು ನಿಂತರು.

"ತಾಯಿ, ನೀವು ಈ ನಾಟಕ ನಾಕು ಸಲ ನೋಡಿದ್ದೀರಿ. ಹಾಡೆಲ್ಲ ಬಾಯಲ್ಲಿದೆ. ಇಲ್ಲ ಅನ್ನಬೇಡಿ."

ಕೆಂಪಾಜಮ್ಮನ ಮೊದಲ ಪ್ರಶ್ನೆ ಪಕ್ಕದ ಜಗುಲಿಯಲ್ಲಿದ್ದ ಮರಮ್ಮನಿಗೆ: "ಆಡಿದ್ರೆ ನೋಡ್ದಂಗಾಯ್ತದಾ?"

ಮರಮ್ಮ ಬಹಳ ಯೋಚಿಸಿದಳು. "ಕೊನೇ ಸೀನಲ್ಲಿ ರಾಣಿ ಇದ್ದಾಳಾ?"

ಇರಲಿಲ್ಲ. ರಾಣಿಯ ಕೆಲಸ ಯುದ್ಧಕ್ಕೆ ಮೊದಲೇ ಮುಗಿಯುತ್ತಿತ್ತು. "ಅಂಗಾರೆ ನೀನು ಪರ್ದೆ ಇಂದೆ ಇರ್ತೀಯ. ನೋಡ್ದಂಗಾಗಲ್ಲ," ಎಂದಳು ಮರಮ್ಮ.

ಕೆಂಪಾಜಮ್ಮ ಬಣ್ಣ ಹಚ್ಚಿಸಿಕೊಂಡಳು. ಹನ್ನೆರಡು ಹಾಡು ಹಾಡಿದಳು. ಒಂದು ಕಡೆ ಮಾತು ಮರೆತು, ಹೊಗೆಸೊಪ್ಪಿನ ಶೆಡ್ಡಿನಲ್ಲಿ ಹೇಳುವಂತೆ, "ಆಮೇಕೆ ಏನಾಯ್ತಪ್ಪ ಅಂದ್ರೆ" ಎಂದು ರಾಜನಿಗೇ ಕಥೆ ಹೇಳಿದಳು. ರಾಜ ಕುತೂಹಲದಿಂದ ಕೇಳಿದ. ಯುದ್ಧದ ತಮಟೆ ಬಡಿದ ಕೂಡಲೇ ಅವಳು ಸೈಡ್ ವಿಂಗಿನಿಂದ ಇಳಿದು, ಜರಿ ಸೀರೆ, ತಗಡಿನ ಕಿರೀಟ, ಗುಲಾಬಿ ಕೆನ್ನೆ ಎಲ್ಲದರ ಸಮೇತ ಬಂದು ಮುಂದಿನ ಚಾಪೆಯಲ್ಲಿ ಗಂಡನ ಪಕ್ಕ ಕೂತು ಎಲೆಅಡಿಕೆ ಹಾಕಿಕೊಂಡಳು.

ಜನರ ಕಣ್ಣು ರಂಗದಿಂದ ಚಾಪೆಗೆ ಇಳಿಯಿತು. ಗದೆ ಎತ್ತಿದ ರಾಜ, ಕಾಡಿನಲ್ಲಿ ಸೆರೆಯಾಗಿರಬೇಕಿದ್ದ ತನ್ನ ರಾಣಿ ಮುಂದೆಯೇ ಕೂತು ಸುಣ್ಣ ಸವರುವುದನ್ನು ಕಂಡು ಮುಂದಿನ ಸಾಲು ಮರೆತ. ಪುಟ್ಟಮಲ್ಲಪ್ಪ ಅದೇ ಸಮಯವೆಂದು ಸಾವಿನ ಹಾಡನ್ನು ಹೊಡೆಸಿಕೊಳ್ಳುವ ಮೊದಲೇ ಶುರುಮಾಡಿದ. ಏಳು ಕುದುರೆಗಳಾದ ಮೇಲೆ ಹೊಸದಾಗಿ ಎರಡು ಆನೆಗಳನ್ನೂ ಸೇರಿಸಿದ್ದ. ಜನ ವನ್ಸ್ ಮೋರ್ ಎಂದರು. ಅವನು ಎದ್ದ, ಹಾಡಿದ, ಬಿದ್ದ, ಮತ್ತೆ ಎದ್ದ. ಮೂರನೇ ಸಲ ಏಳುವಾಗ ಕೆಂಪಾಜಮ್ಮ ಚಾಪೆಯಿಂದಲೇ, ಸಿಟ್ಟಿಲ್ಲದೆ, ಮಗುವಿಗೆ ಹೇಳುವಂತೆ ಹೇಳಿದಳು: "ಸಾಯಪ್ಪ, ಸಾಕು. ನಾಳೆ ಅಲ್ಲ ನಾಡಿದ್ದು ಹಬ್ಬ, ಮನೆ ಸಾರಿಸ್ಬೇಕು."

ಧೂಮಜಿಹ್ವ ರಾಣಿಯ ಅಪ್ಪಣೆಯಂತೆ ಮಲಗಿದ. ತೆರೆ ಬಿತ್ತು. ಮಿರ್ಲೆಯಲ್ಲಿ ಅಷ್ಟು ಚಪ್ಪಾಳೆ ಅದುವರೆಗೆ ಯಾವ ರಾಕ್ಷಸನಿಗೂ ಬಿದ್ದಿರಲಿಲ್ಲ. ಮರಮ್ಮ ಎದ್ದು ಬಂದು, ರಾಣಿಯ ಕಿರೀಟವನ್ನು ನೆಟ್ಟಗೆ ಮಾಡಿ, "ಆಯ್ತು ಬುಡು," ಎಂದಳು. ಅವಳ ಬಾಯಿಂದ ಅಷ್ಟು ದೊಡ್ಡ ಹೊಗಳಿಕೆ ಬಂದದ್ದು ಅದೊಂದೇ ಸಲ.

ಮರುವರ್ಷ ಕೆಂಪಾಜಮ್ಮ ಯಾವ ವ್ರತವನ್ನೂ ಹಿಡಿಯಲಿಲ್ಲ. ಹಿಡಿಯಲು ಪುರಸೊತ್ತು ಇರಲಿಲ್ಲ. ಅಂಕಯ್ಯ ಮಾಸ್ತರು ಬೇರೆ ಊರುಗಳಿಗೂ ಅವಳನ್ನೇ ರಾಣಿಗೆ ಕರೆದರು. ಕೊನೆಯ ದೃಶ್ಯದಲ್ಲೂ ರಾಣಿ ಇದ್ದರೆ ಮಾತ್ರ ಬರುತ್ತೇನೆ ಎಂದಳು. ಮಾಸ್ತರು ತಲೆ ಕೆರೆದುಕೊಂಡು ತೊಂಬತ್ತೊಂದನೆಯ ಹಾಡು ಕಟ್ಟಿದರು, ನಾಲ್ಕೇ ಸಾಲಿನದು. ಅದನ್ನು ಅವಳು ಎರಡು ಸಾವಿರದ ಮೂರರ ತನಕ ಹನ್ನೊಂದು ಊರುಗಳಲ್ಲಿ ಹಾಡಿದಳು. ಸರಗೂರಿನಲ್ಲಿ ಆಡಿದಾಗ ರಾಧಾ, ಅವಳ ಅತ್ತೆ, ಬೀದಿಯವರೆಲ್ಲ ಬಂದಿದ್ದರು. ನಾಲ್ಕು ಸಾಲು ಮುಗಿದ ಕೂಡಲೇ ಹಿಂದಿನಿಂದ "ವನ್ಸ್ ಮೋರ್" ಎಂಬ ಕೂಗು ಬಂತು. ಅಂಕಯ್ಯನವರ ಬೆರಳು ಹಾರ್ಮೋನಿಯಂ ಮನೆಗಳ ಮೇಲೆ ಸಿದ್ಧವಾಗಿ ನಿಂತಿತು.

ರಾಣಿ ಜನರ ಕಡೆಗೆ ಕೈಮುಗಿದಳು. "ಒಂದ್ ಸಲ ಕೇಳುದ್ರಲ್ಲ, ಸಾಕು. ನಿಮ್ಗೂ ಮನೇಲಿ ಕೆಲ್ಸ ಇರ್ತದೆ," ಎಂದು ಹೇಳಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ನಡೆದಳು.